ಉತ್ತರಗಳು ಕೊನೆಯ ಪುಟಗಳಲ್ಲಿ

ಅಬ್ಬಾ ಗುಜರಿಯಿಂದ ತೂಕಕ್ಕೆ ತಂದ ಪುಸ್ತಕ.
ಸಾವಿರದೊಂದು ಪ್ರಶ್ನೆ. ಉತ್ತರಕ್ಕೆ ನೋಡಿ: ಪುಟ ನೂರಾ ತೊಂಬತ್ತು.
ಪುಸ್ತಕ ಮುಗಿದದ್ದು ನೂರಾ ಎಂಬತ್ತಾರಕ್ಕೆ.
ದಾರ ಕಿತ್ತ ಬೆನ್ನು, ಒಣಗಿದ ಅಂಟು,
ಮಿಕ್ಕಿದ್ದು ಯಾರ ಪಾಲಾಯಿತೋ.

ಶಿಡ್ಲಘಟ್ಟದಲ್ಲಿ ನಮ್ಮದು ಹತ್ತು ಬಾಣಲೆಯ ಫಿಲೇಚರು.
ಬೇಯುವ ಗೂಡಿನ ವಾಸನೆಗೆ ನೆಂಟರು ಮೂಗು ಮುಚ್ಚುವರು,
ನಮಗದು ಮನೆಯ ವಾಸನೆ.
ಹಬೆಯೊಳಗೆ ಕೂತು ನಾನು ಗಟ್ಟಿಯಾಗಿ ಓದುವೆ:
ನಂದಿಬೆಟ್ಟದ ಸುತ್ತ ಹುಟ್ಟುವ ನದಿಗಳೆಷ್ಟು?
ಐದು, ಅಂದಿದ್ದರು ಭೂಗೋಳದ ಮೇಷ್ಟ್ರು.
ಅದರಲ್ಲೊಂದನ್ನ ನಮ್ಮ ನಲ್ಲಿ ಕಡೆ ತಿರುಗಿಸೋಕೆ ಹೇಳು,
ಅಂದಳು ಮುನಿವೆಂಕಟಮ್ಮ, ಕುದಿನೀರಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತ.

ಷಟ್ಪದಿಗೆ ಸಾಲೆಷ್ಟು? ಆರು. ಅದು ನನಗೇ ಗೊತ್ತಿತ್ತು.
ಹುಳಕ್ಕೂ ನಿಜವಾದ ಕಾಲು ಆರೇ, ಹಿಂದಿನವು ಸುಳ್ಳು ಕಾಲು.
ಮೈಯಲ್ಲಿ ಮೂಳೆ ಎಷ್ಟು? ಪಟ್ಟು ಹಾಕುವ ಖಾದರ್ ಪೈಲ್ವಾನ್
ಮುರಿದದ್ದಷ್ಟೇ ಎಣಿಸಿದ್ದೀನಿ ಬೇಟಾ, ಅಂದ.
ಕೋಲಿನ ಪೊಳ್ಳಿನಲ್ಲಿ ರೇಷ್ಮೆಮೊಟ್ಟೆ ಬಚ್ಚಿಟ್ಟು
ಚೀನಾ ದಾಟಿಸಿದ ಸನ್ಯಾಸಿಗಳು
ಯಾವ ಪಟ್ಟಣದ ದೊರೆಗೆ ಒಪ್ಪಿಸಿದರು?
ಗೂಡಿನ ಮಾರ್ಕೆಟ್ಟಲ್ಲಿ ಹರಾಜು ಅರೆಗಳಿಗೆ ನಿಂತೇಹೋಯಿತು:
ಪಟ್ಟಣ ಬಿಡಮ್ಮ, ದೊರೆ ಎಷ್ಟು ಕೊಟ್ಟ?

ತೊಂಬತ್ತೆರಡನೆಯದು ಮಾತ್ರ ಯಾರ ಕೈಗೂ ಹತ್ತಲಿಲ್ಲ.
ಒಪೆರಾದಲ್ಲಿ ಹೆಣ್ಣಿನ ಅತಿ ಎತ್ತರದ ದನಿಗೆ ಏನೆನ್ನುವರು?
ಕಾಂಪೌಂಡರ್ ನರಸೋಜಿ ಕನ್ನಡಕ ಏರಿಸಿ ಓದಿ
ಅಚ್ಚಿನ ತಪ್ಪು, ಇದು ಆಪರೇಷನ್ನು,
ಮತ್ತು ಕೊಡುವ ಮೊದಲು ಕೇಳಿಸುತ್ತಲ್ಲ, ಆ ದನಿ, ಅಂದ.

ಆಮೇಲೊಂದು ಬುಧವಾರ ಮಳ್ಳೂರು ಬ್ಯಾಟಪ್ಪನ ಲಾಟಿನಲ್ಲಿ
ಗೂಡಿನ ಜಾಳಿಗೆ ಅಂಟಿಕೊಂಡು ಬಂತು
ಹಿಕ್ಕೆ ಕಲೆಯ ಒಂದು ಚೂರು ಕಾಗದ.
ತಟ್ಟೆಗೆ ಹಾಸಲೆಂದು ಅದೇ ಗುಜರಿಯಿಂದ ಒಯ್ದಿದ್ದನಂತೆ.
ನನ್ನ ಉತ್ತರಗಳ ಮೇಲೆ ನಾಲ್ಕು ಜ್ವರ ಮಲಗಿ ಎದ್ದು
ಅವನ ಹುಳ ಚಂದ್ರಂಕಿ ಹತ್ತಿದ್ದವು.
ಹರಿದ ಅಂಚಿನಲ್ಲಿ ಒಂದು ಎರಡು, ಅದರ ಹಿಂದಿನ ಅಂಕಿ ಇಲ್ಲ.
ಪಕ್ಕದಲ್ಲಿ: ಸೊಪ್ರಾನೊ.

ಹನ್ನೆರಡಕ್ಕೆ ಹಚ್ಚಿ ನೋಡಿದೆ, ಯಾವುದೋ ಗಾಳಿಯ ಹೆಸರು ಕೇಳಿದ್ದರು.
ಮೂವತ್ತೆರಡಕ್ಕೆ, ಅದೊಂದು ಇಸವಿ.
ಅರವತ್ತೆರಡರಲ್ಲಿ ಕೂತಿತು, ಹೊಲಿದಿಟ್ಟ ಹಾಗೆ:
ಆಫ್ರಿಕಾದ ಅತಿ ಎತ್ತರದ ಶಿಖರ.
ಮೂರು ತಿಂಗಳು ಕಣ್ಣು ಮುಚ್ಚಿದರೆ ಸೊಪ್ರಾನೊ,
ತಪ್ಪಲಲ್ಲಿ ಕಾಡು, ತಲೆಯ ಮೇಲೆ ಹಿಮ.

ಆಗ ಕೋಲಾರವೇ ನಮ್ಮ ಜಿಲ್ಲೆ.
ಫೈನಲ್ಲಿನಲ್ಲಿ ಅದೇ ಪ್ರಶ್ನೆ, ಗಂಟೆ ಮೊದಲು ಬಡಿದದ್ದು ನಾನೇ.
ಪ್ರಶ್ನೆ ಕೇಳುವವರು ಕನ್ನಡಕ ತೆಗೆದು ಒರೆಸಿಕೊಂಡರು,
ನಗು ಅಡಗಿಸಲಿಕ್ಕೆ ಅಂತ ಈಗ ಗೊತ್ತು.
ತಪ್ಪು, ಅಂದರು. ಏನು ತಪ್ಪು ಅನ್ನಲಿಲ್ಲ.
ಕೆ.ಜಿ.ಎಫ್. ಕಾನ್ವೆಂಟಿನ ಹುಡುಗಿ ಕಿಲಿಮಂಜಾರೊ ಅಂದಳು.
ವಾಪಸ್ ಬಸ್ಸಿನಲ್ಲಿ, ಚಿಂತಾಮಣಿ ದಾಟುವವರೆಗೂ,
ಅವಳದೇ ತಪ್ಪಿರಬೇಕು ಅಂದುಕೊಂಡಿದ್ದೆ.

ಕಳೆದ ವರ್ಷ ಮಗಳ ಮೊಬೈಲಿನಲ್ಲಿ
ಯಾವುದೋ ದೇಶದ ರಂಗದ ಮೇಲೆ ಒಬ್ಬ ದಪ್ಪ ಹೆಂಗಸು.
ಕೈ ಚಾಚಲಿಲ್ಲ, ಹೆಜ್ಜೆ ಇಡಲಿಲ್ಲ,
ದನಿ ಮಾತ್ರ ಹತ್ತಿತು, ಇನ್ನೂ ಹತ್ತಿತು,
ಕಿವಿಗೆ ಚಳಿ ಹಿಡಿಯುವಷ್ಟು.
ಕೆಳಗೆ ಸಣ್ಣಕ್ಷರದಲ್ಲಿ ಆ ಹೆಸರು.
ಕಣ್ಣು ಮುಚ್ಚಿದೆ. ಹಿಮ ಇತ್ತು, ಅದೇ ಜಾಗದಲ್ಲಿ.

ಅಮ್ಮೀ, ಇದು ಯಾವ ಭಾಷೆ, ಮಗಳು ಕೇಳಿದಳು.
ಗೊತ್ತಿಲ್ಲ, ಅಂದೆ. ಆ ಪುಟ ನನಗೆ ಬರಲಿಲ್ಲ.